ಹಲಗೆಯ ಮೇಲೆ ತುಂಬಿದ ಕೊಡ

ಕೊಟ್ರೇಶಿ ಮೇಷ್ಟ್ರು ಹೊಳೆದಂಡೆಯ ಆಶ್ರಮ ಸೇರಿ ಮೂರು ವರ್ಷವಾಗಿತ್ತು. ವೈರಾಗ್ಯ ಬಂತು ಅಂತ ಅವರು ಹೇಳಿಕೊಳ್ಳುತ್ತಿದ್ದರು. ವೈರಾಗ್ಯವೂ ಇಲ್ಲ, ಮಣ್ಣೂ ಇಲ್ಲ. ಹೆಂಡತಿ ಹಾಲಮ್ಮ ಬಿಟ್ಟು ಅದೇ ಊರಿನಲ್ಲಿದ್ದ ತವರಿಗೆ ಹೋಗಿದ್ದಳು, ಅಷ್ಟೆ.

ಹೋದದ್ದಾದರೂ ಯಾತಕ್ಕೆ? ಒಂದು ಕಿಟಕಿಗೆ! ಅಡುಗೆಮನೆ ಕಿಟಕಿಯಲ್ಲಿ ನಿಂತು ಓಣಿಯ ಹೆಂಗಸರ ಜೊತೆ ನಗುತ್ತಾಳೆ ಅಂತ ಈ ಮಹಾನುಭಾವರು ಕಿಟಕಿಗೆ ಮೊಳೆ ಹೊಡೆದರು. ಅವಳು ಬಾಗಿಲಿನಿಂದ ಹೋದಳು.

'ಅವಳೇ ಬರಲಿ' ಅಂತ ಇವರು. 'ಅವರೇ ಬಂದು ಕರೆಯಲಿ' ಅಂತ ಅವಳು. ಆ ಕಡೆಯ ಮಾತು ಈ ಕಡೆಗೆ, ಈ ಕಡೆಯದು ಆ ಕಡೆಗೆ ಸಾಗಿಸಿ ಸಾಗಿಸಿ ಊರಿಗೇ ಸುಸ್ತಾಯಿತು.

ಆಶ್ರಮದಲ್ಲಿ ಮೇಷ್ಟ್ರು ಊರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಉಳಿದ ಹೊತ್ತು ಒಬ್ಬರೇ. ಉಂಡರೂ ಒಬ್ಬರೇ. ಕೆಮ್ಮಿದರೆ ಯಾಕೆ ಅಂತ ಕೇಳುವವರಿರಲಿಲ್ಲ.

ಆಶ್ರಮಕ್ಕೂ ಹೊಳೆಗೂ ನಡುವೆ ಒಂದು ಹಳ್ಳ. ದಾಟಲು ಒಂದೇ ಹಲಗೆ. ಇಬ್ಬರು ಎದುರಾದರೆ ಖಾಲಿ ಕೊಡ ಹಿಡಿದವರು ಹಿಂದೆ ಸರಿಯಬೇಕು, ತುಂಬಿದ ಕೊಡ ಮುಂದೆ ಬರಬೇಕು. ಯಾರು ಮಾಡಿದ ಕಟ್ಟಳೆಯೋ, ಯಾರೂ ಮೀರಿದ್ದಿಲ್ಲ.

ಅವತ್ತು ಬೆಳಿಗ್ಗೆ ಮೇಷ್ಟ್ರು ಕೊಡ ಹೊತ್ತು ಹೊಳೆಯಿಂದ ಬರುವಾಗ ಹಲಗೆಯ ನಟ್ಟನಡುವೆ ಗುರುಗಳು, ಅಡವಯ್ಯಜ್ಜ, ನಿಂತಿದ್ದರು. ಕೈಯಲ್ಲಿ ಖಾಲಿ ಕೊಡ.

"ಅಜ್ಜಾರೇ, ನನ್ನದು ತುಂಬಿದ ಕೊಡ."

"ಕಾಣ್ತದೆ," ಅಂದ ಅಜ್ಜ ಅಲ್ಲೇ ಕೂತುಬಿಟ್ಟರು. "ಹೊಳೇಲಿ ಯಾರಿದ್ರು?"

ಮೇಷ್ಟ್ರ ಮುಖ ಸಪ್ಪಗಾಯಿತು. "ಹಾಲಮ್ಮ. ಟ್ರಂಕು ಇಟ್ಕೊಂಡು ಹರಿಗೋಲಿಗೆ ಕಾಯ್ತಾ ಕೂತಿದಾಳೆ. ತಾಯಿ ತೀರಿಕೊಂಡ್ರಲ್ಲ, ಇನ್ನು ಆಚೆ ದಡದಲ್ಲಿ ಅಣ್ಣನ ಮನೇಲೇ ಇರ್ತಾಳಂತೆ."

"ಮಾತಾಡಿಸಿದೆಯಾ?"

"ಮೂರು ಸಲ ಕೊಡ ತೊಳೆದೆ. ಅವಳು ತಿರುಗಿ ಸಹ ನೋಡಲಿಲ್ಲ."

"ನೀನು?"

"ಬಿಟ್ಟು ಹೋದವಳು ಅವಳು. ನಾನ್ಯಾಕೆ ಕರೀಲಿ?"

ಅಜ್ಜ ಹಳ್ಳದ ನೀರಿಗೆ ಕಾಲು ಇಳಿಬಿಟ್ಟರು.

"ಮೊನ್ನೆ ಮಕ್ಕಳಿಗೆ ಏನೋ ಹೇಳಿಕೊಡ್ತಿದ್ದೆಯಲ್ಲ, ಗಿವ್ ಇನ್ ಅಂತ. ಹಂಗಂದ್ರೇನು?"

ಪಾಠ ಅಂದ ಕೂಡಲೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. "ಪಟ್ಟು ಬಿಡೋದು, ಅಜ್ಜಾರೇ. ಹಟ ಮಾಡಿ ಮಾಡಿ ಕೊನೆಗೆ ಮಣಿಯೋದು."

"ಹೆಂಗೆ ಬಳಸ್ತಾರೆ?"

"ಕೂಸು ಅತ್ತಿತು, ತಾಯಿ ಮಣಿದಳು. ಆಳುಗಳು ಕೆಲಸ ನಿಲ್ಲಿಸಿದರು, ಧಣಿ ಮಣಿದ. ಹೆಂಡತಿ ಮೂರು ದಿನ ಮಾತು ಬಿಟ್ಟು, ನಾಲ್ಕನೇ ದಿನ ಮಣಿದಳು."

"ಎಲ್ಲಾ ಮಂದೀದೇ ಆಯ್ತಲ್ಲೋ. ನಿನ್ನದೊಂದು ಹೇಳು."

ಮೇಷ್ಟ್ರು ಕೊಡವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಹೆಗಲು ಉರಿಯುತ್ತಿತ್ತು. ಬಿಸಿಲು ಏರುತ್ತಿತ್ತು.

"ಕಟ್ಟಳೆ ನನ್ನ ಕಡೆಗಿದೆ, ಅಜ್ಜಾರೇ. ದಾರಿ ಬಿಡ್ರಿ."

"ನಿನ್ನ ಕಡೆಗೇ ಇದೆ, ಇಲ್ಲ ಅಂದೋರ್ಯಾರು? ಮೂರು ವರ್ಷದಿಂದ ನಿನ್ನ ಕಡೆಗಿರೋದು ಅದೊಂದೇ."

ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು, ಹತ್ತುವವರು ಹತ್ತಿರಿ ಅಂತ.

ಮೇಷ್ಟ್ರು ಕೊಡವನ್ನು ಹೆಗಲಿನಿಂದ ಇಳಿಸಿ ಹಳ್ಳಕ್ಕೆ ಬೋರಲು ಹಾಕಿದರು. ನೀರೆಲ್ಲ ಸುರಿದು ಹೋಯಿತು. ಖಾಲಿ ಕೊಡ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಹಲಗೆ ಮುಗಿದದ್ದೇ ತಡ, ತಿರುಗಿ ಓಡಿದರು. ಐವತ್ತೆಂಟರ ಗಂಡಸು ಪಂಚೆ ಎತ್ತಿ ಕಟ್ಟಿ ಓಡಿದ್ದನ್ನು ಬಟ್ಟೆ ಒಗೆಯುವವರೆಲ್ಲ ನೋಡಿದರು.

ಹರಿಗೋಲು ಆಗಲೇ ನಡುಹೊಳೆಯಲ್ಲಿತ್ತು.

"ಹಾಲೀ!" ಅಂತ ಕೂಗಿದರು. ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹೆಸರು.

ಗಾಳಿ ಎದುರಿಗಿತ್ತು. ಟ್ರಂಕಿನ ಮೇಲೆ ಕೂತವಳ ಬೆನ್ನು ಚಿಕ್ಕದಾಗುತ್ತಾ ಹೋಯಿತು.

ಮೇಷ್ಟ್ರು ವಾಪಸು ಬಂದಾಗ ಅಜ್ಜ ಹಲಗೆ ದಾಟಿ ಈಚೆ ನಿಂತಿದ್ದರು. ಇಬ್ಬರ ಕೈಯಲ್ಲೂ ಖಾಲಿ ಕೊಡ.

"ಕರೆದೆ, ಅಜ್ಜಾರೇ. ಅವಳಿಗೆ ಕೇಳಿಸಲಿಲ್ಲ."

ಅಜ್ಜ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

"ಸಂಜೆಗೊಂದು ಹರಿಗೋಲಿದೆ. ಅಲ್ಲೀತನಕ ಕೊಡ ತುಂಬಬೇಡ."