ಕರಿ ಕಾರಿನ ಬಿಳಿ ಕಲೆ

ಮಠದ ಸೇವಕ ಮಡಿವಾಳಯ್ಯನಿಗೆ ಅಳು ಬರುವುದೊಂದು ಬಾಕಿ.

ಶಾಲೆಯ ಗುರುಸಿದ್ದವ್ವ ಅಕ್ಕೋರು ತಿಂಗಳ ತರಬೇತಿಗೆ ಹೋಗುವಾಗ ತಮ್ಮ ಕರಿ ಕಾರನ್ನು ಮಠದ ಅಂಗಳದಲ್ಲಿ ಬಿಟ್ಟುಹೋಗಿದ್ದರು. "ಕನ್ನಡಿ ಇಟ್ಟಂಗ ಇಡ್ತೀನ್ರಿ," ಎಂದು ಇವನೇ ಮುಂದೆ ಬಿದ್ದು ಮಾತು ಕೊಟ್ಟ. ಅವರೇನೂ ಕೇಳಿರಲಿಲ್ಲ.

ಇವತ್ತು ಮಧ್ಯಾಹ್ನದ ಬಸ್ಸಿಗೆ ಅಕ್ಕೋರು ಬರುತ್ತಾರೆ. ನಾಳೆ ಅವರು ತಮ್ಮ ಬಾಣಂತಿ ತಂಗಿಯನ್ನು ಇದೇ ಕಾರಿನಲ್ಲಿ ಗಂಡನ ಮನೆಗೆ ಬಿಡಬೇಕು. ಕಾರಿನ ಮೈತುಂಬ ನೋಡಿದರೆ ಬಿಳಿ ಕಲೆ. ತನಗೆ ಅಕ್ಷರ ಕಲಿಸಿದವರ ಮುಂದೆ ಇನ್ನು ಮುಖ ಎತ್ತುವುದು ಹೇಗೆ?

"ಅಜ್ಜಾರ, ಈ ಕಾರಿಗೆ ಏನೋ ರೋಗ ಐತ್ರಿ. ದಿನಾ ತೊಳಿತೀನಿ. ತೊಳದಷ್ಟೂ ಕಲಿ ಹೆಚ್ಚಾಗಾಕತ್ತಾವು."

ಮಠದ ಗುರು ಶಾಂತವೀರಜ್ಜ ಕಟ್ಟೆಯ ಮೇಲೆ ಕೂತು ಹುಣಸೆ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೆಂಗ ತೊಳಿತಿ?"

"ಗದ್ದಿಗಿ ಮೆಟ್ಟಲಾ ತೊಳದಂಗ್ರಿ. ಬೋರಿನ ನೀರು ಹತ್ತು ಕೊಡ ಸುರುವ್ತೀನಿ."

"ಆಮ್ಯಾಲ?"

"ಆಮ್ಯಾಲ ಏನ್ರಿ? ಬಿಸಲಿಗೆ ಆರತೈತಿ."

ಆ ಮಠದಲ್ಲಿ ಗದ್ದಿಗೆಗೆ ಹಾಕಿದ ನೀರನ್ನು ಒರೆಸುವ ಪದ್ಧತಿ ಇಲ್ಲ. ಅದು ತಾನಾಗಿಯೇ ಆರಬೇಕು. ಹನ್ನೆರಡು ವರ್ಷ ಅದನ್ನೇ ಮಾಡಿಕೊಂಡು ಬಂದವನಿಗೆ ತೊಳೆಯುವುದೆಂದರೆ ಅಷ್ಟೇ. ಬೋರಿನ ನೀರೋ, ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಕಟ್ಟುವಂಥ ಸವುಳು.

"ಮತ್ತ ಕಲಿ ತಗಿಯಾಕ ಏನ್ ಮಾಡಿದಿ?"

"ಇನ್ನೂ ಹತ್ತು ಕೊಡ ಹಾಕಿದೆ."

ಅಜ್ಜಾರು ಹಣೆ ಚಚ್ಚಿಕೊಂಡರು. "ಎಲಾ ಇವನ! ಸುಣ್ಣದ ನೀರು ಆರಿದ್ರ ಹಿಂದ ಏನ್ ಉಳಿತೈತಿ, ಬೆಣ್ಣಿ ಏನು?"

ಮಡಿವಾಳಯ್ಯ ಕಾರಿನತ್ತ ತಿರುಗಿ ನೋಡಿದ. ತಿಂಗಳಿಡೀ ಕಲೆ ಹಚ್ಚಿದ್ದು ತಾನೇ!

"ಕಾರು ನೆಳ್ಳಿಗೆ ತಳ್ಳು. ಲಿಂಬಿ ರಸಕ್ಕ ಮಳಿನೀರು ಕೂಡಸಿ ಅಂಗೈ ಅಗಲ ಹಚ್ಚು. ಕಲಿ ಕರಗಿದ ಕೂಡಲೆ ಮಳಿನೀರಿಲೆ ತೊಳದು ಒಂದ್ ಹನಿ ಬಿಡದಂಗ ಒರಸು. ಆಮ್ಯಾಲ ಮುಂದಿನ ಅಂಗೈ."

"ಇಷ್ಟ್ ದೊಡ್ಡ ಕಾರಿಗೆ ಅಂಗೈ ಅಗಲೇನ್ರಿ?"

"ಕಲಿ ಮಾಡಾಕ ತಿಂಗಳು ಬೇಕಾತು. ತಗಿಯಾಕ ಅವಸರ ನೋಡು ಇವಂದು."

ಗೊಣಗುತ್ತಲೇ ಶುರುಮಾಡಿದ. ಸೊಂಟ ಬಿದ್ದುಹೋಯಿತು, ಬೆರಳೆಲ್ಲ ಉರಿ. ಆದರೆ ಕಲೆ ಕರಗಿತು. ಬಾಗಿಲು, ಬೆನ್ನು, ನೆತ್ತಿ ಎಲ್ಲ ಮುಗಿಸಿ ಬಾನೆಟ್ಟಿಗೆ ಬಂದ.

ಅಲ್ಲಿ ಕಲೆ ಹೋದ ಮೇಲೆ ಗೀರು ಕಂಡವು. ಮೊನ್ನೆ ಸಿಟ್ಟಿಗೆ ಬಂದು ಹಿತ್ತಾಳೆ ದೀಪ ಬೆಳಗುವ ಬೂದಿ, ತೆಂಗಿನ ನಾರು ತಂದು ತಿಕ್ಕಿದ್ದ. ಆ ಗೀರು ಯಾವ ಲಿಂಬೆಗೂ ಬಗ್ಗಲಿಲ್ಲ.

"ಅಕ್ಕೋರಿಗೆ ಮಂಗ್ಯಾ ಕೆರದ್ವು ಅಂತೀನ್ರಿ," ಎಂದ ಮೆಲ್ಲಗೆ. "ಮಠದಾಗ ಮಂಗ್ಯಾ ಏನ್ ಕಮ್ಮಿ ಅದಾವು?"

ಅಜ್ಜಾರು ಎದ್ದು ಹೋಗಿ ಒಂದು ತಂಬಿಗೆ ಬೋರಿನ ನೀರು ತುಂಬಿ ತಂದವರು ಆಗಷ್ಟೇ ಒರೆಸಿದ ಬಾನೆಟ್ಟಿನ ಮೇಲೆ ಸುರಿದುಬಿಟ್ಟರು.

"ಅಯ್ಯಯ್ಯ ಅಜ್ಜಾರ! ತಲಿ ಕೆಟ್ಟೈತೇನ್ರಿ ನಿಮಗ?" ಮಡಿವಾಳಯ್ಯ ಹೆಗಲ ಮೇಲಿನ ವಸ್ತ್ರವನ್ನೇ ಎಳೆದು ಸರಸರ ಒರೆಸಿದ. ಒರೆಸಿದ ಮೇಲೆ ಯಾರಿಗೆ ಏನು ಅಂದೆನೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಬಾನೆಟ್ಟಿನ ಮೇಲೆ ಒಂದೂ ಕಲೆ ಕೂತಿರಲಿಲ್ಲ.

ಊರ ಅಗಸೆ ಬಾಗಿಲ ಹತ್ತಿರ ಬಸ್ಸು ನಿಂತಿತು. ಅಕ್ಕೋರು ಚೀಲ ಹಿಡಿದು ಇಳಿಯುವುದು ಕಂಡಿತು.

"ಬೂದಿ ಹಚ್ಚಿ ತಿಕ್ಕಿದ್ದು ನಾನ ಅಂತ ಹೆಂಗ ಹೇಳ್ಲಿ ಅಜ್ಜಾರ?"

ಅಜ್ಜಾರು ಅವನ ಕೈಯಿಂದ ಒದ್ದೆ ವಸ್ತ್ರ ತೆಗೆದುಕೊಂಡರು.

"ಹಸಿ ಇದ್ದಾಗ ಬರೇ ಅರಿಬೀಲೆ ಹೋತು. ಅಕ್ಕೋರು ಇನ್ನೂ ಕಾರು ನೋಡಿಲ್ಲ, ಓಡಿಹೋಗಿ ಹೇಳು."