ಕೆಳಗಿನ ತೊಟ್ಟಿಯಲ್ಲಿ ಜಾಗ

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಶಾಂತವೀರಜ್ಜ ಎಂಬ ಗುರು, ಮಡಿವಾಳಯ್ಯ ಎಂಬ ಶಿಷ್ಯ. ಶಿಷ್ಯನಿಗೆ ನಲವತ್ತು ದಾಟಿತ್ತು, ಮನಸ್ಸು ಮಾತ್ರ ಕೂಸಿನದು.

ಭಕ್ತರೊಬ್ಬರು ಮಠಕ್ಕೆ ಗಾಜಿನ ಮೀನಿನ ತೊಟ್ಟಿ ಕೊಟ್ಟಿದ್ದರು. ಅದರ ಕೆಳಗೆ ಇನ್ನೊಂದು ತೊಟ್ಟಿ. ಮೇಲಿನ ನೀರು ಕೆಳಗಿಳಿದು ಸೋಸಿಕೊಳ್ಳುತ್ತಿತ್ತು, ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತಿತ್ತು. ಮೇಲೆ ಏಳು ಕೆಂಪು ಮೀನು. ಮಡಿವಾಳಯ್ಯನಿಗೆ ಅವೆಂದರೆ ಜೀವ.

ಆ ಮಠದಲ್ಲಿ ಒಂದು ಪದ್ಧತಿ. ಬಂದವರು ಬಾಯಾರಿ ಹೋಗಬಾರದೆಂದು ಸಂಜೆಯೊಳಗೆ ಎಲ್ಲ ಕೊಡಗಳನ್ನೂ ಕಂಠಮಟ್ಟ ತುಂಬಬೇಕು. ಮಡಿವಾಳಯ್ಯ ಕೆಳಗಿನ ತೊಟ್ಟಿಯನ್ನೂ ಬಿಡಲಿಲ್ಲ. ದಿನಾ ಅಂಚಿನವರೆಗೆ ತುಂಬಿ ಕೈಮುಗಿಯುತ್ತಿದ್ದ, ಪಾಪ.

ಕರೆಂಟೋ, ಹೇಳದೆ ಕೇಳದೆ ಹೋಗುವಂಥದ್ದು. ಹೋದ ಕೂಡಲೇ ಪಂಪು ನಿಂತು ಮೇಲಿನ ನೀರು ಕೆಳಗೆ ಬರುತ್ತಿತ್ತು. ಅಲ್ಲಿ ಜಾಗವೆಲ್ಲಿ? ನೆಲವೆಲ್ಲ ನೀರು. ಮೂರನೆಯ ಸಲ ದಾಸೋಹದ ಅಕ್ಕಿಚೀಲ ತೊಯ್ದು ಹಾಳಾಯಿತು. ಊರ ಹಿರಿಯರು ಸಿಟ್ಟಿಗೆದ್ದು, ಇನ್ನೊಮ್ಮೆ ಹೀಗಾದರೆ ಮೀನುಗಳನ್ನು ಹೊಳೆಗೆ ಬಿಟ್ಟುಬಿಡಿ ಎಂದರು. ಸಾಕಿದ ಮೀನು ಹೊಳೆಯಲ್ಲಿ ಎಷ್ಟು ದಿನ ಬದುಕೀತು? 

ಅಂದಿನಿಂದ ಮಡಿವಾಳಯ್ಯ ತೊಟ್ಟಿಯ ಮುಂದೆಯೇ ಕೂತ. ಊಟ ಅಲ್ಲೇ, ಜಪ ಅಲ್ಲೇ, ಮಗ್ಗುಲಲ್ಲಿ ನಾಲ್ಕು ಬಕೆಟ್ಟು. ಅಜ್ಜ ಬಂದು ಇದ್ಯಾವ ತಪಸ್ಸು ಎಂದು ಕೇಳಿದರು.

“ಕರೆಂಟು ಕಾಯಾಕತ್ತೀನ್ರಿ, ಅಜ್ಜಾರ.”

ಅಜ್ಜ ನಕ್ಕರು. ಬಗ್ಗಿ ತಾವೇ ಪಂಪಿನ ಸ್ವಿಚ್ಚು ಆರಿಸಿದರು.

ಮಡಿವಾಳಯ್ಯ ಹೌಹಾರಿ ಬಕೆಟ್ಟಿಗೆ ಕೈಹಾಕಿದ. ನೀರು ಉಕ್ಕಿ ಅಜ್ಜನ ಪಾದಗಳು ತೊಯ್ದವು. ಇಳಿಯುವಷ್ಟು ಇಳಿಯಲಿ, ಸುಮ್ಮನೆ ನೋಡು ಎಂದರು ಅವರು.

ಆಗ ಶಿಷ್ಯನಿಗೆ ಕಂಡಿತು. ಪಂಪಿನ ಕೊಳವೆಯ ಬಾಯಿ ಮೇಲಿನ ತೊಟ್ಟಿಯ ಆಳದಲ್ಲಿ ಮುಳುಗಿತ್ತು. ನೀರು ಏರಿದ ದಾರಿಯಲ್ಲೇ ಇಳಿದು ಬರುತ್ತಿತ್ತು. ಅಜ್ಜ ಆ ಬಾಯಿಯನ್ನು ನೀರಿನ ಮೇಲ್ಮಟ್ಟದ ಹತ್ತಿರಕ್ಕೆ ಎತ್ತಿ ಕಟ್ಟಿಸಿದರು. ಮೇಲೆ ನೀರು ತುಂಬಿಸಿ, ಪಂಪು ಓಡಿಸಿ, ಮತ್ತೆ ಆರಿಸಿದರು. ಈಗ ಇಳಿದದ್ದು ಸ್ವಲ್ಪವೇ. ಕೆಳಗಿನ ತೊಟ್ಟಿಯಿಂದ ಅಂಚಿಗೆ ಎರಡು ಬೆರಳು ಕಡಿಮೆಯಾಗುವಷ್ಟು ನೀರು ತೆಗೆಸಿ ಮತ್ತೆ ಪಂಪು ಓಡಿಸಿದರು. ಒಂದಿಷ್ಟು ನೀರು ಮೇಲೇರಿ, ಕೆಳಗಿನ ಮಟ್ಟ ಇಳಿದು ನಿಂತಿತು. ಆ ಮಟ್ಟಕ್ಕೆ ಗಾಜಿನ ಹೊರಗೆ ವಿಭೂತಿಯಿಂದ ಗೆರೆ ಎಳೆದರು.

“ಈ ಗೆರಿ ದಾಟಿ ಒಂದು ತಂಬಗಿ ನೀರೂ ಹಾಕಬ್ಯಾಡ.”

ಹಾಗಾದರೆ ಮಠದ ಪದ್ಧತಿ ಕೆಡುವುದಲ್ಲ ಎಂದು ಮಡಿವಾಳಯ್ಯ ಗೊಣಗಿದ.

“ಬರೋರಿಗಂತ ಕೊಡ ತುಂಬತೀವಿ,” ಅಂದರು ಅಜ್ಜ. “ಇಲ್ಲಿ ಬರೋದು ನೀರ ಅಲ್ಲೇನೋ? ಅದಕ್ಕ ಜಾಗ ಬ್ಯಾಡೇನು?”

ಸೋಮವಾರ ಹಿರಿಯರು ಪ್ರಸಾದಕ್ಕೆ ಕೂತಿದ್ದಾಗ ಫ್ಯಾನು ನಿಂತಿತು. ಎಲ್ಲರ ಕಣ್ಣೂ ತೊಟ್ಟಿಯ ಮೇಲೆ. ಕೆಳಗಿನ ನೀರು ಏರಿತು, ಗೆರೆ ದಾಟಿತು, ಇನ್ನೂ ಏರಿತು. ಮಡಿವಾಳಯ್ಯ ಬಕೆಟ್ಟು ಹಿಡಿದು ನಿಂತಿದ್ದ. ಅಂಚಿಗೆ ಎರಡು ಬೆರಳು ಇರುವಾಗ ನೀರು ನಿಂತಿತು. ನೆಲ ಒಣಗಿಯೇ ಇತ್ತು. ಹಿರಿಯರಲ್ಲೊಬ್ಬರು, ಇರಲಿ ಬಿಡ್ರಿ ಮೀನು ಎಂದು ಇನ್ನಷ್ಟು ಹುಗ್ಗಿ ಹಾಕಿಸಿಕೊಂಡರು.

ಮಡಿವಾಳಯ್ಯ ಅಳುತ್ತಲೇ ಅಜ್ಜನ ಕಾಲಿಗೆ ಬಿದ್ದ.

“ಇವತ್ತ ಕರೆಂಟು ಹೋಗತೈತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ, ಅಜ್ಜಾರ?”

ಅಜ್ಜ ಅವನ ತಲೆ ಸವರಿದರು.

“ಇವತ್ತ ಅಂತ ನನಗೇನ್ ಗೊತ್ತೋ, ತಮ್ಮಾ? ಹೋಗತೈತಿ ಅನ್ನೋದಷ್ಟ ಗೊತ್ತಿತ್ತು.”