ಕೊಟ್ಟಿದ್ದನ್ನು ಕೊಟ್ಟಿಲ್ಲ ಎಂದವನು

ದ್ಯಾಮವ್ವ ಪೇಟೆಯ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಬಾಡಿಗೆಯ ಜಾಗ, ಆರು ಬೆಂಚು, ಬಿಸಿ ರೊಟ್ಟಿ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಬದುಕು. ಎದುರಿಗೇ ಮುಪ್ಪಣ್ಣನ ಹಿಟ್ಟಿನ ಗಿರಣಿ. ರಕ್ತಸಂಬಂಧ ಇರದಿದ್ದರೂ ಅವಳು ಅವನಿಗೆ ಅಕ್ಕ, ಅವನು ಅವಳಿಗೆ ತಮ್ಮ.

ಒಂದು ಸಲ ಗಿರಣಿಯ ಮೋಟಾರು ಸುಟ್ಟುಹೋಯಿತು. ಹೊಸ ಯಂತ್ರ ತರಲು ಮುಪ್ಪಣ್ಣ ಎರಡು ಲಕ್ಷ ಸಾಲ ಕೇಳಿದ. ಖಾನಾವಳಿಯ ಜಾಗ ಕೊಳ್ಳಬೇಕೆಂದು ಹನ್ನೆರಡು ವರ್ಷ ಕೂಡಿಟ್ಟಿದ್ದ ಹಣವನ್ನು ದ್ಯಾಮವ್ವ ತೆಗೆದುಕೊಟ್ಟಳು. ದಿನವೂ ಊಟಕ್ಕೆ ಬರುತ್ತಿದ್ದ ಪೋಸ್ಟ್ ಮಾಸ್ತರರು ಬರಹವಿಲ್ಲದೆ ಕೊಡಬೇಡವೆಂದು ಗದರಿದ್ದಕ್ಕೆ ಸಾಲಪತ್ರವಾಗಿ ಪ್ರಾಮಿಸರಿ ನೋಟು ಬರೆಸಿಕೊಂಡಳು. ಮುಪ್ಪಣ್ಣ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿದ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಎರಡೂವರೆ ವರ್ಷದ ಮೇಲೆ ಅವನು ಇಪ್ಪತ್ತು ಸಾವಿರ ತಂದುಕೊಟ್ಟ. "ನೋಟಿನ ಹಿಂದ ಬರದು ಸಹಿ ಮಾಡ್ಲೇನಕ್ಕಾ?" ಎಂದು ತಾನಾಗಿಯೇ ಕೇಳಿದ.

"ಕೊಡಾಕ ಬಂದಾವನ ಮುಂದ ಕಾಗದ ಹಿಡೀಲೇನೋ? ಸುಮ್ನ ಕೈ ತೊಳ್ಕೊಂಡು ಊಟಕ್ಕ ಕೂಡು" ಎಂದಳು ದ್ಯಾಮವ್ವ.

ದಾಕ್ಷಿಣ್ಯ! ಎಷ್ಟು ಒಳ್ಳೆಯ ಮನೆಗಳನ್ನು ಇದು ಹಾಳುಮಾಡಿದೆಯೋ ಲೆಕ್ಕವಿಟ್ಟವರಿಲ್ಲ.

ಮತ್ತೊಂದು ವರ್ಷ ಕಳೆಯಿತು. ಖಾನಾವಳಿಯ ಜಾಗದ ಮಾಲೀಕ ಅದನ್ನು ಮಾರಲು ಹೊರಟ. ದ್ಯಾಮವ್ವ ಉಳಿದ ಹಣ ಕೇಳಿದಳು. ಇಂದು, ನಾಳೆ ಎಂದು ಮುಪ್ಪಣ್ಣ ದಿನ ತಳ್ಳಿದ. ಕೊನೆಗೆ ಅವಳು ನೋಟು ಹಿಡಿದು ಕೋರ್ಟಿಗೆ ಹೋದಳು. ತೀರ್ಪು ಬರುವವರೆಗೆ ಕಾಯಲು ಮಾಲೀಕ ಒಪ್ಪಿದ.

ಇಂಥ ಸಾಲಕ್ಕೆ ಕಾನೂನು ಮೂರು ವರ್ಷದ ಗಡುವು ಇಟ್ಟಿದೆ. ಅಷ್ಟರೊಳಗೆ ಸಾಲ ಪಡೆದವನು ಸ್ವಲ್ಪ ಹಣ ಕೊಟ್ಟು, ಕೊಟ್ಟೆನೆಂದು ಬರೆದು ಸಹಿ ಮಾಡಿದ್ದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಇದನ್ನು ಮುಪ್ಪಣ್ಣನಿಗೆ ಅವನ ವಕೀಲರು ಚೆನ್ನಾಗಿ ತಿಳಿಸಿಕೊಟ್ಟಿದ್ದರು.

ಅವನು ಕಟಕಟೆಯಲ್ಲಿ ನಿಂತು, "ಸಹಿ ನಂದ ಐತ್ರಿ. ಆದ್ರ ಈತನಕ ಒಂದು ಪೈಸಾನೂ ತಿರುಗಿ ಕೊಟ್ಟಿಲ್ರಿ" ಎಂದ.

ಸಾಲ ಮಾಡಿದವರು ಕೊಡದಿದ್ದರೂ ಕೊಟ್ಟೆವು ಎನ್ನುವುದುಂಟು. ಇವನು ಕೊಟ್ಟಿದ್ದನ್ನೇ ಕೊಟ್ಟಿಲ್ಲ ಎಂದ! ಸಾಲ ಕೊಟ್ಟವಳು ಮಾತ್ರ, "ಇಲ್ರೀ ಸಾಹೇಬ್ರ, ಇಪ್ಪತ್ತು ಸಾವಿರ ಕೊಟ್ಟಾನ್ರಿ, ನನ್ನ ಕೈಯಾಗ ಇಟ್ಟಾನ್ರಿ" ಎಂದು ಅವನ ಪರವಾಗಿ ಬೇಡಿಕೊಳ್ಳುವವಳಂತೆ ಕೈ ಮುಗಿದಳು.

ನ್ಯಾಯಾಧೀಶರು ನೋಟನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿಯಾಗಿತ್ತು.

"ಅಮ್ಮಾ, ಈ ಕಾಗದ ನಿಜವಾದದ್ದೇ. ನಿಮ್ಮ ಮಾತೂ ನನಗೆ ಸುಳ್ಳು ಅನ್ನಿಸುವುದಿಲ್ಲ. ಆದರೆ ಹಣ ಕೊಟ್ಟದ್ದಕ್ಕೆ ಅವರ ಸಹಿ ಇಲ್ಲ, ನೋಟಿಗೆ ಮೂರು ವರ್ಷ ದಾಟಿದೆ. ನನ್ನ ಕೈ ಕಟ್ಟಿದೆ" ಎಂದರು. ದಾವೆ ವಜಾ ಆಯಿತು. ಮುಂದಿನ ತಿಂಗಳೇ ಖಾನಾವಳಿ ಬೇರೆಯವರ ಪಾಲಾಗಲಿತ್ತು.

ಕೋರ್ಟಿನ ಮೆಟ್ಟಿಲ ಬಳಿ ಮುಪ್ಪಣ್ಣ ತಲೆ ತಗ್ಗಿಸಿ ನಿಂತಿದ್ದ. "ಅಕ್ಕಾ, ವಕೀಲ್ರು ಹಂಗ ಹೇಳು ಅಂದ್ರು..."

ದ್ಯಾಮವ್ವನ ಕಣ್ಣು ತುಂಬಿ ಬಂತು. "ರೊಕ್ಕ ಹೋತು ಬಿಡೋ ತಮ್ಮಾ, ಇನ್ನೊಬ್ಬರ ಮನ್ಯಾಗ ರೊಟ್ಟಿ ಬಡದು ತಿಂತೀನಿ. ನೀ ಇಪ್ಪತ್ತು ಸಾವಿರ ತಂದ ದಿನ, ನನ್ನ ತಮ್ಮ ಎಂಥಾ ಪ್ರಾಮಾಣಿಕ ಅಂತ ಓಣಿ ತುಂಬ ಹೇಳ್ಕೊಂಡು ಬಂದಿದ್ದೆ. ಇವತ್ತ ಅವರಿಗೆಲ್ಲ ಏನಂತ ಹೇಳ್ಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

ನೀತಿ: ಕೊಟ್ಟ ಸಾಲಕ್ಕೆ ಮಾತ್ರವಲ್ಲ, ತಿರುಗಿ ಬಂದ ಪ್ರತಿ ರೂಪಾಯಿಗೂ ಬರಹವಿರಲಿ. ಸಹಿ ಕೇಳುವುದು ಅಪನಂಬಿಕೆಯಲ್ಲ. ನಮ್ಮವರು ನಾಳೆ ಸುಳ್ಳುಗಾರರಾಗದಂತೆ ಅದು ಅವರನ್ನೂ ಕಾಯುತ್ತದೆ. ಇನ್ನು ಸಾಲ ಪಡೆದವರು ನೆನಪಿಡಬೇಕಾದದ್ದು ಇಷ್ಟೇ: ಗಡುವು ದಾಟಿದ ಸಾಲವನ್ನು ಕೋರ್ಟು ಬಿಟ್ಟರೂ ಮನಸ್ಸಾಕ್ಷಿ ಬಿಡುವುದಿಲ್ಲ.